ಮುಯ್ಯಾಳಿನ ಬಾಕಿ

ಹುಣಸೆಹಣ್ಣು ಬಿಡಿಸುವ ಕಾಲ. ಚೈತ್ರದ ಬಿಸಿಲಿಗೆ ಚೆನ್ನೈನ ಗಿಂಡಿ ಬಡಾವಣೆಯ ತಾರಸಿಗಳು ರೊಟ್ಟಿಯ ಹೆಂಚಿನಂತೆ ಕಾದಿದ್ದವು. ಊರಿನ ಮರದ ಹಣ್ಣನ್ನು ಮೂಟೆ ಕಟ್ಟಿಕೊಂಡು ಮಗಳ ಮನೆಗೆ ಬಂದಿದ್ದ ಕರಿಯಮ್ಮ, ನೀರಿನ ಟ್ಯಾಂಕಿನ ನೆರಳಲ್ಲಿ ಕಾಲು ಚಾಚಿ ಕೂತು, ಕೊಡತಿಯಿಂದ ಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಎದುರಿಗೆ ಅವಳ ಊರಿನವನೇ ಆದ ಅಂದಾನಿ ಸಿಪ್ಪೆ ಬಿಡಿಸುತ್ತಿದ್ದ. ಬಿಡಿಸದೆ ಅವನಿಗೆ ಗತಿಯಿರಲಿಲ್ಲ.

ಅಂದಾನಿಗೆ ರಾಡಾರ್ ರಿಪೇರಿ ಮಾಡುವ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತ್ತು. ಆದರೆ ಭದ್ರತಾ ಪರಿಶೀಲನೆ ಮುಗಿಯದೆ ಒಳಗೆ ಬಿಡುವುದಿಲ್ಲ. ಸಾಲವಿದ್ದರೆ ಬರೆಯಬೇಕು, ಮುಚ್ಚಿಟ್ಟರೆ ಕೆಲಸ ಹೋಯಿತು ಎಂದು ಅರ್ಜಿಯಲ್ಲಿತ್ತು. ಅವನಿಗೆ ಬ್ಯಾಂಕಿನ ಸಾಲವಿಲ್ಲ, ಕೈಸಾಲವಿಲ್ಲ. ಆದರೂ ಖಾಲಿ ಬಿಡಲು ಮನಸ್ಸು ಒಪ್ಪಲಿಲ್ಲ. ಹೋದ ಸುಗ್ಗಿಯಲ್ಲಿ ಕರಿಯಮ್ಮ ಎರಡು ದಿನ ಅವನ ಹೊಲದಲ್ಲಿ ರಾಗಿ ಕೊಯ್ದಿದ್ದಳು. ತಿರುಗಿ ಅವಳಿಗೆ ಎರಡು ದಿನ ಗೇಯ್ದು ಮುಯ್ಯಿ ತೀರಿಸದೆ ಅವನು ಚೆನ್ನೈ ರೈಲು ಹತ್ತಿದ್ದ. ಅದನ್ನೇ ಊರಿನ ಲೆಕ್ಕದಲ್ಲಿ, ದಿನದ ದುಡಿಮೆಗೆ ಒಂದಾಳಿನಂತೆ, ಬರೆದ: ‘ಕರಿಯಮ್ಮನಿಗೆ ಎರಡಾಳು.’

ವಿಚಾರಣೆಗೆ ಬಂದ ಅಧಿಕಾರಿ ಹನುಮಂತಯ್ಯ ಚೆನ್ನೈಯಲ್ಲೇ ಹುಟ್ಟಿ ಬೆಳೆದ ಕನ್ನಡಿಗ. ತಾರಸಿ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು.

“ಏನಪ್ಪಾ ಅಂದಾನಿ, ಇಬ್ಬರು ಆಳುಗಳನ್ನ ಎಲ್ಲಿ ಬಚ್ಚಿಟ್ಟಿದ್ದೀಯ?”

ಅಂದಾನಿ ಮುಯ್ಯಿಯ ಲೆಕ್ಕ ಬಿಡಿಸಿ ಹೇಳಿದ.

“ಸರಿ ಪಾ, ರೂಪಾಯಿ ಲೆಕ್ಕದಲ್ಲಿ ಕೊಟ್ಟು ಮುಗಿಸು. ಸಾಲ ಇರೋನನ್ನ ಶತ್ರುಗಳು ಕಾಸು ತೋರ್ಸಿ ಕೊಂಡ್ಕೊಂಡ್ಬಿಡ್ತಾರೆ. ಅದೇ ನಮ್ಮ ಭಯ.”

“ಇವನ್ನಾ?” ಕರಿಯಮ್ಮ ಅಂದಾನಿಯನ್ನು ಮೇಲಿಂದ ಕೆಳಗೆ ನೋಡಿದಳು. “ಯಾರ್ ತಕ್ಕಂಡಾರು ಸ್ವಾಮಿ? ದುಡ್ಡು ಈಸ್ಕಳಕೆ ನಾನೇನು ಕೂಲಿಗೆ ಹೋಗಿದ್ನಾ? ಮೈ ಬಗ್ಗಿಸಿ ತೀರಿಸ್ಲಿ. ನಿನ್ನೆ ಒಂದಾಳಾಯ್ತು. ಇವತ್ತು ಈ ಮೂಟೆ ಮುಗುದ್ರೆ ಇನ್ನೊಂದು.”

“ಫೈಲು ಇವತ್ತೇ ಮುಗಿಸ್ಬೇಕಮ್ಮ!”

“ಹಂಗಾದ್ರೆ ನೀವೂ ಕೂತ್ಕಳಿ. ಕೈ ಏನು ಬಾಡಿಗೆಗೆ ಕೊಟ್ಟಿದ್ದೀರಾ?”

ಹನುಮಂತಯ್ಯ ಮೂಟೆ ನೋಡಿದರು, ಗಡಿಯಾರ ನೋಡಿದರು, ಷೂ ಕಳಚಿ ಕೂತರು. ಮೊದಲ ಏಟಿಗೇ ಹೆಬ್ಬೆರಳು ಜಜ್ಜಿಕೊಂಡು “ಅಯ್ಯೋ ಅಮ್ಮಾ!” ಎಂದರು. ಆಮೇಲೆ ಕೈ ಕುದುರಿತು. ಹೊತ್ತು ಇಳಿಯುವ ಮೊದಲೇ ಮೂಟೆ ಬರಿದಾಯಿತು.

“ತೀರ್ತು ಕಣ್ಲಾ,” ಎಂದಳು ಕರಿಯಮ್ಮ. ಅಂದಾನಿಗೆ ಹೋದ ಜೀವ ಬಂತು. ಅಧಿಕಾರಿ ಪೆನ್ನು ತೆಗೆದರು.

“ತಡೀರಿ. ನಂದೇನೋ ತೀರ್ತು. ಅವನ ಬದ್ಲು ನೀವು ಅರ್ಧಾಳು ಗೇದ್ರಲ್ಲ, ಅದು ಈಗ ಅವನ ತಲೆ ಮ್ಯಾಲೆ.”

“ಅದೆಲ್ಲ ಬೇಡಮ್ಮ, ಬಿಟ್ಬಿಟ್ಟೆ.”

“ಬಿಟ್ರೆ ಋಣ ಆಯ್ತದೆ. ನಿಮ್ಮ ಋಣದಲ್ಲಿರೋನಿಗೆ ನೀವೇ ರುಜು ಹಾಕ್ತೀರಾ?”

ಪೆನ್ನು ಅಲ್ಲೇ ನಿಂತಿತು. ಪರಿಶೀಲಿಸಲು ಬಂದವನಿಗೇ ಸಾಲಗಾರ! ಇಂಥದ್ದು ಹನುಮಂತಯ್ಯನವರ ಸರ್ವೀಸಿನಲ್ಲೇ ಬಂದಿರಲಿಲ್ಲ. ಕೆಲಸ ಜಾರಿತೆಂದು ಅಂದಾನಿ ದಡಬಡಿಸಿ ಎದ್ದ.

“ಸಾರ್, ನಿಮ್ಮನೇಲಿ ಏನಾದ್ರೂ ಕೆಲ್ಸ ಇದ್ರೆ...”

ಹೆಂಡತಿ ಜಯಲಕ್ಷ್ಮೀ ತಿಂಗಳಿಂದ ಕೇಳುತ್ತಿದ್ದ ವೆಟ್ ಗ್ರೈಂಡರ್ ಹನುಮಂತಯ್ಯನವರಿಗೆ ನೆನಪಾಯಿತು.

ಸಂಜೆ ಪುರಸೈವಾಕ್ಕಂನ ಅಂಗಡಿ ಬೀದಿಯ ಜನಜಂಗುಳಿಯಲ್ಲಿ ಅಧಿಕಾರಿ “ವಳಿ ವಿಡುಂಗೋ, ದಾರಿ ಬಿಡಿ!” ಎಂದು ಮುಂದೆ ನಡೆದರು, ಹಿಂದೆ ಆಗಷ್ಟೇ ಕೊಂಡ ಗ್ರೈಂಡರ್ ಹೊತ್ತ ಅಂದಾನಿ. ಅಧಿಕಾರಿಯ ಮನೆಯಿದ್ದ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿತ್ತು. ಮೂರನೆಯ ಮಹಡಿಯಲ್ಲಿ ಇಳಿಸಿದ ಗ್ರೈಂಡರಿನ ಮೇಲೆಯೇ ಫೈಲಿಟ್ಟು ಹನುಮಂತಯ್ಯ ಬರೆದರು: ‘ಸಾಲ ಇಲ್ಲ.’

ಅಷ್ಟರಲ್ಲಿ ಜಯಲಕ್ಷ್ಮೀ ಕಾಫಿ ತಂದು ಚಾಚಿದರು. ಅಂದಾನಿ ಎರಡೂ ಕೈಯನ್ನು ಬೆನ್ನ ಹಿಂದೆ ಸೇರಿಸಿಕೊಂಡ.

“ಬ್ಯಾಡಿ ತಾಯಿ, ಈಗ ತಾನೆ ಎಲ್ಲಾ ತೀರ್ತು.”