ಇಲ್ಲದ ಮಗಳ ಅಪ್ಪ

ಮೈಸೂರಿನಲ್ಲಿ ಬೆಟ್ಟಯ್ಯನ ಮುಖ ಗೊತ್ತಿದ್ದವರು ನೂರು ಜನ ಇದ್ದರೆ ಹೆಚ್ಚು. ಅವನ ದನಿ ಗೊತ್ತಿಲ್ಲದವರು ಮಾತ್ರ ಹುಟ್ಟು ಕಿವುಡರೇ ಇರಬೇಕು. ಸೀರೆ ಮಾರಾಟ ಮೇಳವಿರಲಿ, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂಬ ಪ್ರಕಟಣೆಯಿರಲಿ, ದಸರಾ ವಸ್ತುಪ್ರದರ್ಶನದಲ್ಲಿ ಕಳೆದುಹೋದ ಮಗುವಿನ ಚಡ್ಡಿಯ ಬಣ್ಣವಿರಲಿ, ಆಟೋದ ಮೇಲೆ ಕಟ್ಟಿದ ಹಾರ್ನಿನಿಂದ ನಲವತ್ತು ವರ್ಷ ಊರಿನ ಕಿವಿಗೆ ಬಿದ್ದದ್ದು ಅವನದೇ ದನಿ. ಚುನಾವಣೆ ಬಂತೆಂದರೆ ಕೇಳುವುದೇ ಬೇಡ. ಬೆಳಿಗ್ಗೆ ಒಂದು ಪಕ್ಷದ ಅಭ್ಯರ್ಥಿ ಬಡವರ ಬಂಧು, ಮಧ್ಯಾಹ್ನ ಅವನ ಎದುರಾಳಿ ಬಡವರ ಬಂಧು, ಸಂಜೆ ಪಕ್ಷೇತರನೊಬ್ಬ ಬಡವರ ಬಂಧು. ಇಷ್ಟೊಂದು ಬಂಧುಬಳಗ ಇದ್ದೂ ಬಡವರು ಬಡವರಾಗಿಯೇ ಹೇಗೆ ಉಳಿದರು ಎಂದು ಬೆಟ್ಟಯ್ಯ ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ. ಚೀಟಿ ಓದುವುದು ಅವನ ಕಸುಬು, ಓದುತ್ತಿದ್ದ.

ಅವನಿಗೆ ಮೈಕು, ಹಾರ್ನು, ಬ್ಯಾಟರಿ ಕೊಡುತ್ತಿದ್ದವರು ಲಷ್ಕರ್ ಮೊಹಲ್ಲಾದ ಅಮೀರ್‌ಜಾನ್ ಸಾಬರು. ಬೆಟ್ಟಯ್ಯನಿಗೆ ಇಪ್ಪತ್ತು ವರ್ಷವಾಗಿದ್ದಾಗ ಮೈಕಿನ ಮುಂದೆ ನಿಲ್ಲಿಸಿ, ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ಕಲಿಸಿದವರೂ ಅವರೇ. ಆ ಋಣಕ್ಕೆ ಬೆಟ್ಟಯ್ಯ ಯಾವ ಪ್ರಚಾರ ಮಾಡಲಿ, ಕೊನೆಗೆ ಒಂದು ಸಾಲು ಸೇರಿಸುತ್ತಿದ್ದ: "ಧ್ವನಿವರ್ಧಕ ವ್ಯವಸ್ಥೆ, ಜಾನ್ ಸೌಂಡ್ಸ್, ಲಷ್ಕರ್ ಮೊಹಲ್ಲಾ, ಅರಳಿಮರದ ಎದುರು." ಯಾರೂ ಬರೆದುಕೊಡದಿದ್ದರೂ ಅವನ ಬಾಯಿಂದ ತಾನಾಗಿ ಬರುತ್ತಿದ್ದ ವಿಳಾಸ ಅದೊಂದೇ.

ಈ ಸಲದ ಚುನಾವಣೆಗೆ ಹದಿನೈದು ದಿನವಿದ್ದಾಗ ವಿಜಯ್‌ಕುಮಾರ್ ಎಂಬುವವನು ಬೆಟ್ಟಯ್ಯನನ್ನು ಹುಡುಕಿಕೊಂಡು ಬಂದ. ಒಂದು ಪಕ್ಷದ ಮೊಬೈಲ್ ಪ್ರಚಾರ ನೋಡಿಕೊಳ್ಳುವವನು. ಮೈತುಂಬ ಇಸ್ತ್ರಿ, ಬಾಯಿತುಂಬ ಸಕ್ಕರೆ. ಬೆಟ್ಟಯ್ಯನನ್ನು ಲಕ್ಷ್ಮೀಪುರಂನ ಮನೆಯೊಂದರ ಮಹಡಿಗೆ ಕರೆದೊಯ್ದು, ರೆಕಾರ್ಡಿಂಗ್ ಕೋಣೆಯಲ್ಲಿ ಕೂರಿಸಿ, ಕಾಫಿ ತರಿಸಿದ.

"ಬೆಟ್ಟಯ್ಯನವರೇ, ಎಷ್ಟ್ ದಿನ ಅಂತ ಸೀರೆ, ನೀರು ಅಂತ ಕೂಗ್ತಾ ಇರ್ತೀರಿ? ನಿಮ್ಮೊಳಗೆ ಒಬ್ಬ ಕಲಾವಿದ ಇದಾನೆ ಕಣ್ರೀ. ನಾವೊಂದು ಜಾಗೃತಿ ನಾಟಕ ಮಾಡ್ತಿದೀವಿ. ಅಪ್ಪನ ಪಾರ್ಟು. ಅಳ್ಬೇಕು, ಅಷ್ಟೇ."

ಬೆಟ್ಟಯ್ಯ ಉಬ್ಬಿಹೋದ. ನಲವತ್ತು ವರ್ಷದಲ್ಲಿ ಅವನನ್ನು ಯಾರೂ ಕಲಾವಿದ ಎಂದಿರಲಿಲ್ಲ. ಚೀಟಿಯಲ್ಲಿದ್ದುದು ಒಬ್ಬ ಅಪ್ಪನ ಗೋಳು: ಕಾಲೇಜಿಗೆ ಹೋದ ಮಗಳನ್ನು ಸಾಬರ ಹುಡುಗನೊಬ್ಬ ತಲೆ ಕೆಡಿಸಿ ಹಾರಿಸಿಕೊಂಡು ಹೋದ, ಕೇಳುವವರೇ ಇಲ್ಲ, ಓಟು ಹಾಕುವಾಗ ನನ್ನ ಕೂಸನ್ನು ನೆನೆಸಿಕೊಳ್ಳಿ ಎಂದು. ನಾಟಕವೇ ಆಗಿದ್ದರೆ ಮಿಕ್ಕ ಪಾತ್ರಗಳೆಲ್ಲಿ ಎಂದು ಕೇಳಬಹುದಿತ್ತು. ಕಾಫಿ ಚೆನ್ನಾಗಿತ್ತು, ಕೇಳಲಿಲ್ಲ. "ಆ ಹುಡುಗನ ಅಪ್ಪನ ಅಂಗಡಿ ಇರುವುದು" ಎಂಬಲ್ಲಿ ಚೀಟಿ ಬರೆದವನು ಬರೀ ಚುಕ್ಕಿ ಇಟ್ಟಿದ್ದ.

"ಅಲ್ಲಿ ಬಾಯಿಗ್ ಬಂದ ಜಾಗ ಹೇಳ್ಬುಡಿ, ನ್ಯಾಚುರಲ್ಲಾಗಿ ಬರುತ್ತೆ" ಎಂದ ವಿಜಯ್‌ಕುಮಾರ್.

ಬೆಟ್ಟಯ್ಯ ಅಳತೊಡಗಿದ. ಅದೇನು ಅಳು! ಬಿಕ್ಕಿದ, ಗದ್ಗದನಾದ, ಮೂಗು ಎಳೆದ. ಚುಕ್ಕಿ ಬಂದಾಗ ನಾಲಿಗೆ ಗಾಣದೆತ್ತಿನ ಹಾಗೆ ತನ್ನ ಹಳೇ ಜಾಡಿಗೆ ಬಿತ್ತು: "ಜಾನ್ ಸೌಂಡ್ಸ್, ಲಷ್ಕರ್ ಮೊಹಲ್ಲಾ, ಅರಳಿಮರದ ಎದುರು." ಸಾಲದ್ದಕ್ಕೆ, ಮಗಳನ್ನು ಕಳೆದುಕೊಂಡ ಆ ಅಪ್ಪ ಕೊನೆಯಲ್ಲಿ ಬಿಕ್ಕುತ್ತಲೇ "ಮರೆಯದಿರಿ, ಮರೆತು ನಿರಾಶರಾಗದಿರಿ" ಎಂದ. ಅದು ಸೀರೆ ಮೇಳದ ಸಾಲು. ವಿಜಯ್‌ಕುಮಾರ್ ಕಿವಿಯಿಂದ ಹೆಡ್‌ಫೋನ್ ತೆಗೆದು "ಸೂಪರ್ ಸಾರ್" ಎಂದ. ಅಳುವುದರಲ್ಲೇ ಮುಳುಗಿದ್ದ ಬೆಟ್ಟಯ್ಯನಿಗೆ ತಾನೇನಂದೆ ಎಂಬ ಪರಿವೆಯೇ ಇರಲಿಲ್ಲ.

ಮೂರು ದಿನ ಕಳೆಯಿತು. ಕೃಷ್ಣಮೂರ್ತಿಪುರಂನ ಓಣಿಯಲ್ಲಿದ್ದ ತನ್ನ ಮನೆಗೆ ಬೆಟ್ಟಯ್ಯ ಊಟಕ್ಕೆ ಬಂದರೆ, ಹೆಂಡತಿ ಬಸವಮ್ಮ ಮೊಬೈಲು ಕಿವಿಗಿಟ್ಟುಕೊಂಡು ಒಲೆಯ ಮುಂದೆ ಕಣ್ಣೊರೆಸುತ್ತಿದ್ದಳು. ಸಾರು ತಳ ಹತ್ತುತ್ತಿತ್ತು.

"ಯಾರೋ ಹೆತ್ತಪ್ಪ ಕಣ್ರೀ. ಕೇಳಿದ್ರೆ ಕರ್ಳು ಕಿತ್ತು ಬತ್ತದೆ. ನಮ್ ಸಂಘದೋರ್ಗೆಲ್ಲ ಕಳಿಸ್ಬುಟ್ಟೆ."

ಬೆಟ್ಟಯ್ಯ ಮೊಬೈಲು ಕಿವಿಗಿಟ್ಟು ಕೇಳಿದ. ಹೇಳಲು ನಾಚಿಕೆಯಾಗಬೇಕು, ಅವನಿಗೆ ಮೊದಲು ಆದದ್ದು ಖುಷಿ.

"ಚೆನ್ನಾಗ್ ಅಳ್ತಾನೆ ಅಲ್ವಾ?"

"ಅಳೋದ್ರಲ್ಲಿ ಚೆನ್ನಾಗ್ ಅಳೋದು ಅಂತ ಬ್ಯಾರೆ ಇದ್ದಾತಾ?"

"ಅದು ನಾನೇ ಕಣೆ! ನಾಟಕದ್ದು."

ಬಸವಮ್ಮ ನಂಬಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ ದನಿ ಗೊತ್ತಾಗುವುದಿಲ್ಲವೇ ಎಂದು ಜಗಳಕ್ಕೇ ನಿಂತಳು. ಬೆಟ್ಟಯ್ಯ ಕೊನೆಯ ಸಾಲನ್ನು ಇನ್ನೊಮ್ಮೆ ಹಾಕಿಸಿದ. ಸೀರೆ ಮೇಳದ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖ ಕಪ್ಪಿಟ್ಟಿತು.

"ನಾ ಎಂಗೆ ಗುರುತು ಹಿಡೀಲಿ? ನೀವ್ ಯಾವತ್ ಅತ್ತಿದ್ರಿ ನಾ ಕೇಳಕ್ಕೆ? ನಮ್ ಕೂಸು ಜ್ವರದಲ್ಲಿ ಹೋದಾಗ್ಲೂ ನಿಮ್ ಕಣ್ಣಲ್ಲಿ ಒಂದ್ ಹನಿ ಬರ್ನಿಲ್ಲ. ಇಲ್ದಿರೋ ಮಗಳಿಗೆ ಹಿಂಗ್ ಅತ್ರಾ?" ಎಂದಳು. ಸಾರಿನ ಪಾತ್ರೆ ಇಳಿಸಿ ಕೇಳಿದಳು: "ಅಲ್ಲಾ, ಅದ್ರಲ್ಲಿ ಅಮೀರಣ್ಣನ ಅಂಗಡಿ ಯಾಕ್ ಹೇಳಿದ್ರಿ?"

ಆಗಲೇ ಬೆಟ್ಟಯ್ಯ ತನ್ನ ಮಾತನ್ನು ಮೊದಲ ಸಲ ಕೇಳಿಸಿಕೊಂಡದ್ದು. ತಟ್ಟೆಯ ಮುಂದಿನಿಂದೆದ್ದು ಲಷ್ಕರ್ ಮೊಹಲ್ಲಾಕ್ಕೆ ಓಡಿದ.

ಅಂಗಡಿಯ ಮುಂದೆ ಮೂವತ್ತು ನಲವತ್ತು ಜನ ಸೇರಿದ್ದರು. ಕೆಲವು ಹುಡುಗರ ಕೈಯಲ್ಲಿ ಕಲ್ಲಿತ್ತು. ಶಟರ್ ಅರ್ಧ ಇಳಿದಿತ್ತು, ಅದರ ಮುಂದೆ ಎಪ್ಪತ್ತು ದಾಟಿದ ಸಾಬರು ನಿಂತಿದ್ದರು.

"ಮಗನ್ನ ಆಚೆಗ್ ಕಳ್ಸೋ!"

"ನಂಗೆ ಮಗನೇ ಇಲ್ವಲ್ಲಪ್ಪ. ಮೂರೂ ಹೆಣ್ಮಕ್ಕಳು, ಮದ್ವೆಯಾಗಿ ಹೋಗಿದಾರೆ. ಮಗ ಇದ್ದಿದ್ರೆ ಈ ವಯಸ್ಸಲ್ಲಿ ನಾನ್ಯಾಕೆ ಹಾರ್ನು ಹೊರ್ತಿದ್ದೆ?"

"ಇಲ್ಲ ಅಂತಾನೆ ಅಂದ್ರೆ ಬಚ್ಚಿಟ್ಟಿದಾನೆ ಅಂತಲೇ ಅರ್ಥ" ಎಂದ ಒಬ್ಬ ಬುದ್ಧಿವಂತ.

ಸಾಬರು ರೇಷನ್ ಕಾರ್ಡು ತೋರಿಸಿದರು. ಬುದ್ಧಿವಂತ ಅದನ್ನು ಹಿಂದುಮುಂದು ತಿರುಗಿಸಿ, "ನೋಡ್ರಪ್ಪ, ಮಗನ ಹೆಸರನ್ನ ಕಾರ್ಡಿಗೇ ಸೇರಿಸಿಲ್ಲ! ಇದು ಎಷ್ಟು ವರ್ಷದ ಪ್ಲಾನು!" ಎಂದ. ಗುಂಪು ಹೌದು ಹೌದು ಎಂದು ತಲೆಯಾಡಿಸಿತು. ಹೀಗೆ ಇಲ್ಲದ ಅಪ್ಪನ ಇಲ್ಲದ ಮಗಳನ್ನು ಇಲ್ಲದ ಮಗ ಹಾರಿಸಿಕೊಂಡು ಹೋದ ಕಥೆಯಲ್ಲಿ ನಿಜವಾಗಿ ಇದ್ದುದು ಅಂಗಡಿಯೊಂದೇ. ಕಟ್ಟಡದ ಮಾಲೀಕ ಮಹದೇವಪ್ಪ ಮುಂದೆ ಬಂದು, "ಸಾಬ್ರೇ, ನಿಮ್ ಮೇಲೆ ನಂಗೇನೂ ಇಲ್ಲ. ಆದ್ರೆ ಬಿಲ್ಡಿಂಗಿನ ಗಾಜು ನಂದು. ಭಾನುವಾರದೊಳಗೆ ಖಾಲಿ ಮಾಡ್ಬುಡಿ" ಎಂದರು.

ಆಗ ಸಾಬರ ಕಣ್ಣು ಗುಂಪಿನ ಹಿಂದಿದ್ದ ಬೆಟ್ಟಯ್ಯನ ಮೇಲೆ ಬಿತ್ತು. ಬೆಟ್ಟಯ್ಯ ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿದ, ಬಗ್ಗಿದವನು ಹಾಗೆಯೇ ಜಾರಿಕೊಂಡ. ಊರಿಗೆಲ್ಲ ಕೇಳುವ ಗಂಟಲು ಅವತ್ತು ಪಕ್ಕದವನಿಗೂ ಕೇಳಿಸಲಿಲ್ಲ. ಹೇಡಿ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಎರಡು ದಿನ ಬಸವಮ್ಮ ಅವನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ, ಶುಕ್ರವಾರ, ಬೆಟ್ಟಯ್ಯ ಬೇರೆ ಕಡೆಯಿಂದ ಮೈಕು ತಂದು, ಆಟೋ ಮೇಲೆ ಕಟ್ಟಿ, ಅರಳಿಮರದ ಕೆಳಗೇ ನಿಲ್ಲಿಸಿದ.

"ಸನ್ಮಾನ್ಯ ನಾಗರಿಕ ಬಂಧುಗಳೇ! ಮೊಬೈಲಿನಲ್ಲಿ ಅಳುತ್ತಿರುವ ಆ ಅಪ್ಪ ನಾನೇ. ನನಗೆ ಮಗಳಿಲ್ಲ. ಅಮೀರ್‌ಜಾನ್ ಸಾಬರಿಗೆ ಮಗನಿಲ್ಲ. ನನ್ನಿಂದ ಅದನ್ನು ಓದಿಸಿದವರು..."

"ಏಯ್, ಇಳಿಯೋ ಕೆಳಗೆ! ಸಾಬರ ಬಿರಿಯಾನಿ ತಿಂದ್ಕೊಂಡು ಬಂದಿದೀಯಾ?"

"ಆ ಅಪ್ಪನ ದನೀಲಿ ನೋವಿತ್ತು ಕಣಯ್ಯ. ನಿಂದು ಸೀರೆ ಮಾರೋ ದನಿ" ಎಂದ ಇನ್ನೊಬ್ಬ.

ಬೆಟ್ಟಯ್ಯನಿಗೆ ರೇಗಿತು. ಸುಳ್ಳು ಹೇಳಿದಾಗ ಊರೇ ನಂಬಿತ್ತು, ಅದೇ ಗಂಟಲು ನಿಜ ಹೇಳಿದರೆ ನಾಯಿಯೂ ತಿರುಗಿ ನೋಡುತ್ತಿಲ್ಲ. ಸರಿ, ಸಾಬೀತು ಮಾಡಿಯೇ ಬಿಡುತ್ತೇನೆಂದು ಅಲ್ಲೇ ನಿಂತು ಇಡೀ ಗೋಳನ್ನು ಅತ್ತು ತೋರಿಸಿದ. ಅದೇ ಬಿಕ್ಕು, ಅದೇ ಗದ್ಗದ. ಬೀದಿ ಸ್ತಬ್ಧವಾಯಿತು. ಗೆದ್ದೆ ಎಂದುಕೊಂಡು ಕಣ್ಣು ತೆರೆದರೆ, ಮುಂದೆ ನಿಂತಿದ್ದ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಅಯ್ಯೋ ಪಾಪ, ಇವನ ಮಗಳನ್ನೂ ಎತ್ಕೊಂಡು ಹೋದ್ರಾ!" ಎಂದಳು.

ಸಂಜೆಯ ಹೊತ್ತಿಗೆ ವಿಡಿಯೋ ಎಲ್ಲ ಗುಂಪುಗಳಲ್ಲೂ ಓಡಾಡುತ್ತಿತ್ತು: 'ಎರಡನೇ ತಂದೆಯ ಕಣ್ಣೀರು. ಹಿಂದೂಗಳೇ, ಇನ್ನೆಷ್ಟು ಮಕ್ಕಳು?' ಸುಳ್ಳನ್ನು ಅಳಿಸಲು ಹೋದವನು ಅದಕ್ಕೊಂದು ಜೊತೆ ಮಾಡಿಬಂದಿದ್ದ.

ಬಸವಮ್ಮ ವಿಡಿಯೋ ನೋಡಿ ಮೊಬೈಲನ್ನು ಕೆಳಗಿಟ್ಟಳು. "ನಮ್ ಜನ ಬಾಯಿ ಮಾತ್ನ ನಂಬಕಿಲ್ಲ ಕಣ್ರೀ. ಸೀಲ್ ಒತ್ತಿದ್ರೆ ನಂಬ್ತಾರೆ. ನಡೀರಿ ಸ್ಟೇಷನ್ಗೆ."

ಮಾರನೆಯ ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಪೊಲೀಸ್ ಠಾಣೆಗೆ ಹೋದರು. ಬರೆದುಕೊಳ್ಳುತ್ತಿದ್ದವರು ತಲೆಯೆತ್ತದೆ, "ಮಗಳು ಕಾಣೆಯಾಗಿ ಎಷ್ಟು ದಿನ ಆಯ್ತು?" ಎಂದರು.

"ಮಗಳು ಇಲ್ಲ ಸ್ವಾಮಿ."

"ಅದೇ, ಯಾವತ್ತಿಂದ ಇಲ್ಲ?"

ಅರ್ಥ ಮಾಡಿಸಲು ಮಧ್ಯಾಹ್ನವಾಯಿತು. ದೂರು ಯಾರ ಮೇಲೆ ಎಂದಾಗ ಬೆಟ್ಟಯ್ಯ ಮೊದಲು ತನ್ನ ಹೆಸರು ಹೇಳಿದ, ಆಮೇಲೆ ವಿಜಯ್‌ಕುಮಾರನದು. ತಾನೂ ಜೈಲಿಗೆ ಹೋಗಬೇಕಾದೀತು ಎಂದು ಗೊತ್ತಿತ್ತು, ಆದರೂ ರುಜು ಹಾಕಿದ. ಸುದ್ದಿ ತಿಳಿದ ವಿಜಯ್‌ಕುಮಾರ್ ಕೂಡಲೇ ಹೇಳಿಕೆ ಕೊಟ್ಟ: ಆ ದನಿ ಮನುಷ್ಯನದೇ ಅಲ್ಲ, ವಿರೋಧಿಗಳು ಕಂಪ್ಯೂಟರಿನಲ್ಲಿ ತಯಾರಿಸಿದ್ದು. ಕೇಸಿಗಿಂತ ಬೆಟ್ಟಯ್ಯನನ್ನು ಚುಚ್ಚಿದ್ದು ಅದೇ. "ನನ್ನ ದನಿ ಮನುಷ್ಯಂದೇ ಅಲ್ವಂತೆ ಕಣೆ!" ಎಂದ. "ಅವ್ನು ಹೇಳಿದ್ರಲ್ಲಿ ಅದೊಂದೇ ದಿಟ" ಎಂದಳು ಬಸವಮ್ಮ.

ಸೀಲು ಬಿದ್ದ ಪ್ರತಿ ಹಿಡಿದು ಮಹದೇವಪ್ಪನವರ ಮನೆಗೆ ಹೋದರು. ಮಹದೇವಪ್ಪ ಬರಹ ಓದಲಿಲ್ಲ, ಕನ್ನಡಕ ಹಾಕಿಕೊಂಡು ಸೀಲನ್ನಷ್ಟೇ ನೋಡಿದರು. "ಸರ್ಕಾರದ್ದೇ ಸೀಲು. ಸರಿ ಬುಡಿ, ಸಾಬ್ರು ಇರ್ಲಿ. ನಾನೇನು ಮೊದ್ಲೇ ನಂಬಿರ್ಲಿಲ್ಲ" ಎಂದರು. ಬಸವಮ್ಮ ಅದರ ಫೋಟೋ ತೆಗೆದು, ತಾನು ಮೊದಲು ಯಾರ್ಯಾರಿಗೆ ಅಳು ಕಳಿಸಿದ್ದಳೋ ಅವರೆಲ್ಲರಿಗೂ ಒಬ್ಬೊಬ್ಬರಿಗೇ ಕಳಿಸಿದಳು, 'ನಾನು ಕಳ್ಸಿದ್ದು ಸುಳ್ಳು, ಕ್ಷಮಿಸಿ' ಎಂದು ತನ್ನ ದನಿಯನ್ನೂ ಸೇರಿಸಿ. ಕಲ್ಲು ಹಿಡಿದು ಯಾರೂ ಮತ್ತೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಬೆಟ್ಟಯ್ಯ ಕಾಗದ ಹಿಡಿದು ಅಂಗಡಿಗೆ ಹೋದ. ಸಾಬರು ಗೋಣಿಗೆ ತುಂಬಿದ್ದ ಹಾರ್ನುಗಳನ್ನು ಒಂದೊಂದಾಗಿ ಹೊರತೆಗೆದು ಮತ್ತೆ ಅಟ್ಟಕ್ಕೆ ಜೋಡಿಸುತ್ತಿದ್ದರು. ಬೆಟ್ಟಯ್ಯ ಹೊಸ್ತಿಲಲ್ಲೇ ನಿಂತು, ಆ ದನಿ ತನ್ನದೇ ಎಂದ.

"ಗೊತ್ತು" ಎಂದರು ಸಾಬರು. "ಮೊದಲ್ನೇ ಸಲ ಕೇಳಿದಾಗ್ಲೇ ಗೊತ್ತಾಯ್ತು. ನಿಂಗೆ ಉಸಿರು ಹಿಡಿಯೋದು ಹೇಳ್ಕೊಟ್ಟೋನು ನಾನಲ್ವಾ?"

"ಮತ್ತೆ ಅವತ್ತು ಜನದ ಮುಂದೆ ಯಾಕ್ ಹೇಳಲಿಲ್ಲ ಸಾಬ್ರೇ?"

"ಹೇಳಿದ್ರೆ ನಿನ್ನ ಹಿಡಿದು ಬಡೀತಿದ್ರು. ಹಿಂದೆ ನಿಂತಿದ್ಯಲ್ಲ, ನೋಡ್ದೆ."

ಬೆಟ್ಟಯ್ಯ ಹೊಸ್ತಿಲ ಮೇಲೆ ಕುಸಿದು ಕೂತ. ಈ ಸಲ ಕಣ್ಣೀರು ಬಂತು, ಸದ್ದು ಬರಲಿಲ್ಲ. ಸಾಬರು ಸಮಾಧಾನ ಮಾಡಲಿಲ್ಲ. ಕೈಯಲ್ಲಿದ್ದ ಹಾರ್ನನ್ನು ಕೆಳಗಿಟ್ಟು ಎದುರಿಗೆ ಬಂದು ಕೂತರು.

"ಒಂದ್ ಮಾತು ಕೇಳ್ತೀನಿ, ಹೇಳು. ನನ್ ಮೂರು ಹೆಣ್ಮಕ್ಕಳ ಮದ್ವೇಲೂ ನಿಂತು ಊಟಕ್ಕೆ ಬಡಿಸಿದೋನು ನೀನು. ನಂಗೆ ಗಂಡ್ಮಗ ಇಲ್ಲ ಅಂತ ನಿಂಗ್ ಗೊತ್ತಿತ್ತು. ಅದನ್ನ ಓದೋವಾಗ ಒಂದ್ ಸಲಾನೂ ಮನಸ್ಸಿಗೆ ಬರ್ಲಿಲ್ವಾ?"

"ಓದೋವಾಗ ನಾನೇನೂ ಯೋಚ್ನೆ ಮಾಡಲ್ಲ ಸಾಬ್ರೇ. ಕೊಟ್ರು, ಓದ್ದೆ."

ಸಾಬರು ತಲೆಯಾಡಿಸಿದರು. "ಅವತ್ತು ಕಲ್ಲು ಹಿಡ್ಕೊಂಡು ನಿಂತಿದ್ರಲ್ಲ, ಅವ್ರಲ್ಲಿ ಒಬ್ಬ ನಿನ್ನೆ ಬಂದಿದ್ದ, ತಂಗಿ ಮದ್ವೆಗೆ ಮೈಕ್ ಸೆಟ್ ಬೇಕು ಅಂತ. ಕಲ್ಲು ಯಾಕಪ್ಪ ತಂದಿದ್ದೆ ಅಂತ ಕೇಳ್ದೆ. ಕಳಿಸಿದ್ರು, ಬಂದೆ, ನಾನೇನೂ ಯೋಚ್ನೆ ಮಾಡಲಿಲ್ಲ ಅಂದ."

ಬೆಟ್ಟಯ್ಯ ತಂದಿದ್ದ ಕಾಗದವನ್ನು ಹೊಸ್ತಿಲ ಮೇಲಿಟ್ಟ.

"ಅವನಿಗೆ ಮೈಕ್ ಸೆಟ್ ಕೊಟ್ಟೆ. ಅವನು ನನ್ನನ್ನ ಮೊದಲ್ನೇ ಸಲ ನೋಡಿದ್ದೇ ಅವತ್ತು" ಎಂದರು ಸಾಬರು. "ನಿಂಗೆ ಕೊಡಕ್ಕೆ ಮಾತ್ರ ನನ್ ಕೈಲಿ ಆಗಲ್ಲ ಬೆಟ್ಟಯ್ಯ."