ಬೋಗುಣಿಯಲ್ಲಿ ಈಜು

ದೋಣಿಯಲ್ಲಿ ಟಿಕೆಟ್ ಕೊಡುವವರಿಗೂ ಈಜು ಬರಬೇಕೆಂದು ದಡದಲ್ಲಿ ಕುರ್ಚಿ ಬಿಸಿ ಮಾಡುವ ಸಾಹೇಬರಿಗೆ ಈಗ ಹೊಳೆದಿತ್ತು. ನಾಳೆ ಪರೀಕ್ಷೆ, ಫೇಲಾದರೆ ಅಲ್ಲಿ ಟಿಕೆಟ್ ಕೊಡುವ ಸೊಸೆಯ ಕೆಲಸ ಹೋದಂತೆಯೇ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಕೈಕಾಲು ಬಡಿಯುವುದೇನೋ ಬಂದಿತ್ತು, ಉಸಿರಾಟವೇ ಬಂದಿರಲಿಲ್ಲ.

"ತಲೆ ಎತ್ತಿದ್ರೆ ಕಾಲು ಮುಳುಗುತ್ತೆ. ನೀರೊಳಗೇ ಉಸಿರು ಬಿಡಿ, ಮುಖ ಪಕ್ಕಕ್ಕೆ ಹೊರಳಿಸಿ ತಗೊಳ್ಳಿ," ಎಂದು ತರಬೇತುದಾರ ಗಂಟಲು ಹರಿದುಕೊಂಡಿದ್ದೇ ಬಂತು.

ಸಂಜೆ ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಬೋಗುಣಿ ತುಂಬ ನೀರಿಟ್ಟು ಮುಖ ಮುಳುಗಿಸಿದಳು. ಗುಳುಗುಳು ಸದ್ದಿಗೆ ಓಡಿಬಂದ ಅತ್ತೆ ಜುಟ್ಟು ಹಿಡಿದು ಎಳೆದರು.

"ಕೆಲಸ ಹಾಳಾಗಿ ಹೋಗ್ಲಿ, ಸಾಯ್ಬೇಡ ಕಣೇ!"

"ಸಾಯ್ತಿಲ್ಲ ಅತ್ತೆ, ಉಸಿರು ಬಿಡೋದು ಕಲೀತಿದೀನಿ," ಎಂದು ಸೊಸೆ ಬಿಕ್ಕಿದಳು.

ಅತ್ತೆ ಅವಳ ಮುಖ ಒರೆಸಿದರು. ಆಮೇಲೆ ಕತ್ತು ಹಿಡಿದು ಮತ್ತೆ ಬೋಗುಣಿಗೆ ಬಗ್ಗಿಸಿದರು.

"ಹಾಗಾದ್ರೆ ಇನ್ನೊಂದ್ಸಲ ಮಾಡು. ನಾಳೆ ಜುಟ್ಟು ಹಿಡಿದು ಎಳೆಯೋಕೆ ಅಲ್ಲಿ ನಾನಿರಲ್ಲ."