ಕಾಲು ಎಳ್ಕಂಡಿದ್ದು ನಾನಲ್ಲ

ನೊಣ ಕಾಲಿನ ಹೆಬ್ಬೆರಳ ಮೇಲೆ ಕೂತೈತೆ, ಉಗುರಿನ ಸಂದೀಲಿ ಮುಂಗಾಲು ಉಜ್ಕೊಳ್ತೈತೆ, ಕಣ್ಣಿಗೆ ಕಾಣ್ತೈತೆ, ಮೈಗೆ ತಿಳೀತಿಲ್ಲ, ಹೊಕ್ಕಳಿಂದ ಕೆಳಗಿರೋದೆಲ್ಲ ಯಾರದೋ ಸಾಮಾನು, ನಮ್ಮ ಪಡಸಾಲೇಲಿಟ್ಟು ಮರೆತು ಹೋಗ್ಯಾರೆ — ಹೊರಗೆ ಬೈಕ್ ನಿಂತ ಸದ್ದು, ತೋಟಪ್ಪನೇ ಇರ್ಬೇಕು, ನನ್ನ ಹೆಂಡ್ತಿ ರೂಪಳ ಅಣ್ಣ, ಮೊಳಕಾಲ್ಮೂರಿಂದ ಬಂದಾನೆ, ತಂಗೀನ ಕಾಯಮ್ಮಾಗಿ ತವರಿಗೆ ಕರ್ಕಂಡು ಹೋಗಾಕೆ. ಹೋಗ್ಲಿ ಅಂತೀನಿ, ಹೋಗದಂಗಿರ್ಲಿ ಅಂತ್ಲೂ ಅಂತೀನಿ, ಎರಡೂ ಒಂದೇ ಉಸಿರಲ್ಲಿ. ಒಳಗೆ ಅವಳು ಸೀರೆ ಮಡಚ್ತಾ ಅದಾಳೆ. ಅವ್ವ ಪೊರಕೆಯಿಂದ ಕಡ್ಡಿ ಮುರೀತಾಳೆ, ಇನ್ನು ಶುರು, ದಿನಾ ಬೆಳಿಗ್ಗೆ ಇದೇ, ಅಂಗಾಲಿಗೆ ಕಡ್ಡಿ ಗೀರೋದು, ಹೆಬ್ಬೆರಳು ಮೇಲಕ್ಕೇಳೋದು, ಮೊಣಕಾಲು ಗಕ್ಕನೆ ಮಡಚೋದು, ಓಣಿಯವರ್ನೆಲ್ಲ ಕರೆದು ನೋಡ್ರೇ ನನ್ಮಗನ ಕಾಲಿಗೆ ಜೀವ ಬರ್ತೈತೆ ಅನ್ನೋದು, ಅವರೂ ನೋಡೋದು, ತಲೆದೂಗೋದು, ನಾನು ಹಾವಾಡಿಗರ ಬುಟ್ಟೀಲಿರೋ ಹಾವು.

ನನ್ನ ಬೀಳಿಸಿದ ಆ ಮೇಕೆಮರಿ ಇನ್ನೂ ಹಿತ್ತಲಲ್ಲೈತೆ, ಚೆನ್ನಾಗಿ ಬಲಿತೈತೆ. ಸಿದ್ದಾಪುರದ ಗುಡ್ಡ, ಬಂಡೆ ಮೇಲೆ ಸಿಕ್ಕಾಕ್ಕಂಡು ಅರಚ್ತಿತ್ತು, ಹತ್ತಿದೆ, ಕೈ ಚಾಚಿದೆ, ಅದು ನನ್ನ ಭುಜದ ಮೇಲೆ ಕಾಲಿಟ್ಟು ಕೆಳಕ್ಕೆ ನೆಗೆದು ಜಾಲಿಕಾಯಿ ಮೇಯ್ತಾ ನಿಂತ್ಕಂತು, ನಾನು ಅಂಗಾತ ಬಿದ್ದೆ, ಆಕಾಶ ಕಾಣ್ತಿತ್ತು, ಕಾಲು ಎಲ್ಲಿ ಹೋದ್ವು ಅಂತ ಹುಡುಕ್ತಿದ್ದೆ. ಚಳ್ಳಕೆರೆ ಆಸ್ಪತ್ರೇಲಿ ವ್ಯಾಯಾಮ ಮಾಡಿಸೋ ವನಜಾಕ್ಷಿ ಮೇಡಂ ಅವ್ವನಿಗೆ ತನ್ನ ಕಿರುಬೆರಳು ತೋರ್ಸಿ, ಜುಂಜಮ್ಮ, ಬೆನ್ನುಹುರಿ ಅಂದ್ರೆ ಇಷ್ಟೇ ದಪ್ಪ ಇರುತ್ತೆ, ಕಾಲಿಗೆ ಮುಳ್ಳು ಚುಚ್ಚಿದ್ರೆ ಸುದ್ದಿ ಹುರಿಯ ಹಿಂಬದಿಯಿಂದ ಒಳಗೆ ಬರುತ್ತೆ, ಎಳ್ಕೋ ಅನ್ನೋ ಅಪ್ಪಣೆ ಅಲ್ಲಿಂದಲೇ, ಮುಂಬದಿಯಿಂದ ಹೊರಡುತ್ತೆ, ಮೆದುಳನ್ನ ಕೇಳೋಕೆ ಕಾಯಲ್ಲ, ನೋವು ತಿಳಿಯೋದು ಆಮೇಲೆ, ಸುದ್ದಿ ಮೇಲೆ ಹೋಗಿ ಮುಟ್ಟಿದ ಮೇಲೆ, ನಿಮ್ಮ ಮಗನಿಗೆ ಮೇಲೆ ಹೋಗೋ ದಾರಿ ನಡುಬೆನ್ನಲ್ಲಿ ಕಡಿದು ಹೋಗಿದೆ, ಕೆಳಗಿನ ತುಂಡು ತನ್ನ ಪಾಡಿಗೆ ತಾನು ಕೆಲಸ ಮಾಡ್ತಿದೆ ಅಷ್ಟೇ, ಅಂದ್ಲು. ಅವ್ವ ಎಲ್ಲಾ ಕೇಳಿಸ್ಕಂಡು, ಕೆಲಸ ಮಾಡ್ತೈತೆ ಅಂದ್ಲಲ್ಲ ಅದು ಸಾಕು ಬಿಡು, ಅಂದ್ಲು ಬಸ್ಸಿನಲ್ಲಿ.

ತೋಟಪ್ಪ ಒಳಗೆ ಬಂದ, ಹೆಂಗಿದ್ದೀಯ ಭಾವ ಅಂದ, ಮುಖ ನೋಡಲಿಲ್ಲ, ಒಳ್ಳೆಯವನೇ, ಅದಕ್ಕೇ ನೋಡಲಿಲ್ಲ. ಅವ್ವ ಕಡ್ಡಿ ಗೀರಿದ್ಲು, ಹೆಬ್ಬೆರಳು ಎದ್ದಿತು, ತೋಟಪ್ಪ ಗೋಡೆ ನೋಡ್ತಾ ಅತ್ತೆ, ಅದೆಲ್ಲ ಬ್ಯಾಡ ಅಂದ. ಕಡ್ಡಿ ಸಾಲ್ದು ಅನ್ನಿಸ್ತೇನೋ ಅವ್ವನಿಗೆ, ಒಲೆಕಡೆ ಹೋದ್ಲು, ಇಕ್ಕಳದಲ್ಲಿ ಕೆಂಡ ಹಿಡ್ಕಂಡು ಬಂದ್ಲು, ಬಿಸಿ ತಾಕಿಸ್ತೀನಿ ಅಷ್ಟೇ, ಸುಡಲ್ಲ, ನೀನೇ ನೋಡಪ್ಪ, ಆಮೇಲೂ ಬೇಕಂದ್ರೆ ನಿನ್ ತಂಗೀನ ಕರ್ಕಂಡು ಹೋಗು — ಮಾತಾಡ್ತಾ ಇಕ್ಕಳ ಸಡಿಲಾಯ್ತು, ಕೆಂಡ ಜಾರ್ತು, ಪಾದದ ಮೇಲೆ ಬಿತ್ತು, ಕಾಲು ಎಳ್ಕಂತು, ರೂಪ ಒಳಗಿಂದ ಓಡಿ ಬಂದು, ಹಾಸಿಗೆಗೆ ಉರುಳಿದ ಕೆಂಡಾನ ಬರಿಗೈಲಿ ನೆಲಕ್ಕೆ ಬಾಚಿದ್ಲು, ಅವಳ ಕೈ ಹಿಂದಕ್ಕೆ ಹಾರ್ತು, ಮುಖಕ್ಕೆ ಇನ್ನೂ ಗೊತ್ತಿರಲಿಲ್ಲ, ಆಮೇಲೆ ಗೊತ್ತಾಯ್ತು, ಕಣ್ಣು ಮುಚ್ಕಂಡ್ಲು, ತುಟಿ ಕಚ್ಚಿದ್ಲು. ಅವಳ ಕೈ, ನನ್ನ ಕಾಲು, ಮಾಡಿದ್ದು ಒಂದೇ ಕೆಲ್ಸ. ಆಮೇಲಿಂದು ಅವಳಿಗಷ್ಟೇ ಬಂತು. ನನಗೆ ಚರ್ಮ ಸುಟ್ಟ ವಾಸನೆ ಬಂತು, ಪಕ್ಕದ ಮನೆ ಅಡಿಗೆ ವಾಸನೆ ಬಂದಂಗೆ.

ಎಳ್ಕಂಡ ನೋಡು, ಎಳ್ಕಂಡ ನನ್ಮಗ, ಅಂತಾಳೆ ಅವ್ವ. ರೂಪ ಕೈ ಎದೆಗೆ ಒತ್ಕಂಡು ನನ್ನನ್ನೇ ನೋಡ್ತಾಳೆ, ಸುಟ್ಟಿದ್ದು ಗೊತ್ತಾಯ್ತಾ ಮಾವ, ನಿಜ ಹೇಳು. ಹೂಂ ಅಂದಿದ್ರೆ ಇರ್ತಿದ್ಲು. ವರ್ಷಗಟ್ಲೆ ಇರ್ತಿದ್ಲು, ಉಚ್ಚೆ ಬಳೀತಾ, ಮಗ್ಗುಲು ಹೊರಳಿಸ್ತಾ, ಕಡ್ಡಿ ಗೀರೋದು ನೋಡ್ತಾ, ಅವ್ವನಂಗೇ ಆಗ್ತಾ. ನಾಲಿಗೆ ತುದೀಲಿ ಹೂಂ ಐತೆ. ಇಲ್ಲ ಅಂದೆ, ನನಗೇನೂ ಗೊತ್ತಾಗಲಿಲ್ಲ, ಎಳ್ಕಂಡಿದ್ದು ನಾನಲ್ಲ. ಅವ್ವ ಇಕ್ಕಳ ಹಿಡ್ಕಂಡೇ ಕುಂತ್ಲು. ರೂಪ ನೀರು ತಂದು ನನ್ನ ಪಾದಕ್ಕೆ ಸುರಿದ್ಲು, ಒದ್ದೆ ಬಟ್ಟೆ ಹಾಕಿದ್ಲು, ನೋವಿಲ್ಲದ ಕಾಲಿಗೆ, ತನ್ನ ಕೈಗೆ ಏನೂ ಹಾಕ್ಕಳ್ಳಲಿಲ್ಲ. ನಡಿಯಮ್ಮ ಅಂದ ತೋಟಪ್ಪ, ಮೆತ್ತಗೆ.

ಬಾಗಿಲಿಂದ ರಸ್ತೆ ಕಾಣ್ತೈತೆ. ಬೈಕ್ ಹೊರಟಿತು, ಚೀಲ ತೊಡೆ ಮೇಲೆ, ಎಡಗೈ ಅಣ್ಣನ ಭುಜದ ಮೇಲೆ, ಬಲಗೈ ಮೇಲಕ್ಕೆ ಎತ್ತಿದಾಳೆ, ಅಂಗೈ ಬಿಚ್ಚಿ, ತಿರುಗಿ ನೋಡಲಿಲ್ಲ. ಅವ್ವ ಹೊಸಿಲಲ್ಲಿ ನಿಂತು, ನೋಡು, ರೂಪ ಕೈ ಬೀಸ್ತಾಳೆ ಕಣಪ್ಪ, ಬರ್ತೀನಿ ಅಂತಾಳೆ, ಅಂದ್ಲು. ಉರಿ ಕಣವ್ವ, ಉರಿಗೆ ಗಾಳಿ ಹಿಡಿದಾಳೆ — ಅನ್ನಲಿಲ್ಲ ನಾನು, ಎಷ್ಟು ಸಲ ಅನ್ನೋದು — ಜಾಲಿ ಸಾಲಿನ ಆಚೆ ಸಣ್ಣಗಾಗ್ತಾ ಹೋಗ್ತೈತೆ, ಬೈಕ್ ಕಾಣಲ್ಲ, ಅವಳೂ ಕಾಣಲ್ಲ, ಆ ಅಂಗೈ, ಗಾಳಿಗೆ ಬಿಚ್ಚಿದ ಅಂಗೈ, ಕೆಂಪಗೆ, ಆ ಅಂಗೈ